ಎರಡನೇ ಕಾಟಾ

‘ಹೈಸ್.’

ಅಷ್ಟೇ. ಕೆಂಡದ ಮೇಲೆ ನೀರಿನ ಹನಿ ಬಿದ್ದಂತೆ ಒಂದು ಚಿಕ್ಕ ಸದ್ದು. ಅದರ ಬೆನ್ನಿಗೇ ಎರಡು ಪಾದಗಳು ಹಲಗೆಯ ಮೇಲೆ ಒಟ್ಟಿಗೆ ಬಿದ್ದವು. ಆಮೇಲೆ ಶೆಡ್ಡಿನಲ್ಲಿ ಚಪ್ಪಾಳೆ ಎದ್ದಿತು.

ಗಂಗಾಧರಪ್ಪ ಬಾಗಿಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ತೂಕದ ಬಿಲ್ಲೆಗೆ ಹಿಡಿದಿದ್ದ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದರು. ತಿರುಗಿ ನೋಡಿದರು. ಸ್ಪಂದನಾ ಎಪ್ಪತ್ತು ಕಿಲೋ ಭಾರವನ್ನು ತಲೆಯ ಮೇಲೆ ಹಿಡಿದು ನಿಂತಿದ್ದಳು. ವರ್ಷಕ್ಕೂ ಮೀರಿ ಅವಳಿಗೆ ಒಲಿಯದಿದ್ದ ಭಾರ. ಹೆಗಲ ತನಕ ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಇವತ್ತು ಮೋಡ ಸರಿದಷ್ಟು ಸುಲಭವಾಗಿ ಮೇಲೆ ಹೋಗಿತ್ತು.

“ಇಳಿಸು,” ಅಂದರು ಗಂಗಾಧರಪ್ಪ.

ಅವಳು ಇಳಿಸಿದಳು. ಮುಖದಲ್ಲಿ ನಗು ತುಂಬಿಕೊಂಡು ಅವರ ಕಡೆ ನೋಡಿದಳು.

“ಆ ಉಸಿರು ಎಲ್ಲಿ ಕಲ್ತೆ?”

“ಯಾವ ಉಸಿರು ಸಾರ್?”

“ಹೈಸ್ ಅಂದ್ಯಲ್ಲ, ಅದು. ನಾನು ಹೇಳ್ಕೊಟ್ಟಿದ್ದು ಉಸಿರು ಕಟ್ಟಿ ಹಿಡ್ಕೊ ಅಂತ. ಬಿಡು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ ಸಾರ್. ತಾನಾಗೇ ಬಂತು.”

ನಗು ಅವಳ ಮುಖದಿಂದ ನಿಧಾನವಾಗಿ ಇಳಿಯಿತು. ಟವೆಲು ತೆಗೆದುಕೊಳ್ಳಲು ಕೈ ಚಾಚಿದಾಗ, ಮೊಣಕೈಯ ಕೆಳಗೆ ನೀಲಿಗಟ್ಟಿದ ಗುರುತುಗಳು ಗಂಗಾಧರಪ್ಪನವರ ಕಣ್ಣಿಗೆ ಬಿದ್ದವು. ಒಂದಲ್ಲ, ಮೂರು ನಾಲ್ಕು. ಅವಳು ತೋಳನ್ನು ಟವೆಲಿನಲ್ಲಿ ಸುತ್ತಿಕೊಂಡಳು. ಬೆವರು ಒರೆಸಿಕೊಳ್ಳುವುದಕ್ಕೆ ಸುತ್ತಿದಳೋ, ಮುಚ್ಚಿಕೊಳ್ಳುವುದಕ್ಕೆ ಸುತ್ತಿದಳೋ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗದೆ ಇದ್ದದ್ದು ಯಾವುದೂ ಅವರಿಗೆ ಹಿಡಿಸುತ್ತಿರಲಿಲ್ಲ.

ಭದ್ರಾವತಿಯಲ್ಲಿ ಅವರನ್ನು ಗಂಗಾಧರಪ್ಪ ಅಂದರೆ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ. ಕಾಟಾ ಗಂಗಣ್ಣ ಅನ್ನಬೇಕಿತ್ತು. ಊರಿನ ಉಕ್ಕಿನ ಕಾರ್ಖಾನೆಯ ಹಿಂದಿನ ಗೇಟಿನಲ್ಲಿ ಲಾರಿ ತೂಗುವ ದೊಡ್ಡ ಕಬ್ಬಿಣದ ಹಾಸಿದೆ. ಅದಕ್ಕೆ ಎಲ್ಲರೂ ಕಾಟಾ ಅನ್ನುತ್ತಾರೆ. ಗುಜರಿ ತುಂಬಿದ ಲಾರಿ ಒಳಗೆ ಬರುವಾಗ ಒಮ್ಮೆ ಅದರ ಮೇಲೆ ನಿಲ್ಲಬೇಕು, ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಮ್ಮೆ. ಮೊದಲನೇ ಕಾಟಾ, ಎರಡನೇ ಕಾಟಾ. ಎರಡರ ನಡುವಿನ ವ್ಯತ್ಯಾಸವೇ ಸರಕಿನ ತೂಕ. ಮೊದಲನೇ ಕಾಟಾದ ಹೊತ್ತಿಗೆ ಸೀಟಿನ ಹಿಂದೆ ಕಂಬಳಿ ಹೊದ್ದು ಮಲಗಿರುವ ಕ್ಲೀನರು ಎರಡನೇ ಕಾಟಾದ ಹೊತ್ತಿಗೆ ಗೇಟಿನ ಹೊರಗೆ ಟೀ ಕುಡಿಯುತ್ತಿರುತ್ತಾನೆ. ಬರುವಾಗ ತುಂಬಿದ್ದ ನೀರಿನ ಡ್ರಮ್ಮು ಹೋಗುವಾಗ ಖಾಲಿ. ಗುಜರಿಯ ತಳದಲ್ಲಿ ಒದ್ದೆ ಮರಳು. ಇಂಥವನ್ನೆಲ್ಲ ಹಿಡಿಯುವುದು ಗಂಗಾಧರಪ್ಪನವರ ಕೆಲಸ. ಅವರು ಮುಳ್ಳನ್ನು ನೋಡುವ ಮೊದಲೇ ಕಿವಿಗೊಡುತ್ತಿದ್ದರು. ಲಾರಿಯ ಗಾಲಿ ಹಾಸಿನ ಅಂಚು ಹತ್ತುವಾಗ ಬರುವ ಸದ್ದಿನಲ್ಲೇ, ಒಳಗೆ ಹೇಳದೆ ಇಟ್ಟದ್ದು ಏನೋ ಇದೆ ಎಂದು ಅವರಿಗೆ ತಿಳಿಯುತ್ತಿತ್ತು.

ಈ ಕೆಲಸ ಅವರ ಜೊತೆ ಜನ್ನಾಪುರದ ಮನೆಗೂ ಬರುತ್ತಿತ್ತು. ಹಾಲು ಹಾಕುವವಳು ಪಾತ್ರೆಗೆ ಹಾಲು ಹೊಯ್ಯುವಾಗ ಇವರು ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದರು. ಹೆಂಡತಿ ವಿಮಲಮ್ಮನಿಗೆ ಮೊದಮೊದಲು ಇದರಿಂದ ಅಳು ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು.

“ನಮ್ಮಪ್ಪ ಮದುವೇಲಿ ಹಾಕಿದ ಬಂಗಾರದ ತೂಕ ನೋಡ್ಸಿಲ್ಲ ತಾನೆ ನೀವು?” ಎಂದು ಒಮ್ಮೆ ಕೇಳಿದ್ದರು.

“ಇಲ್ಲ.”

“ನೋಡ್ಸಿದೀರ.”

“ಸರಿಯಾಗೇ ಇತ್ತು ಮಾರಾಯ್ತಿ.”

ಸಂಜೆಯಾದರೆ ಅವರು ಬೇರೆಯೇ ಮನುಷ್ಯ. ಸಮುದಾಯ ಭವನದ ಹಿಂದೆ ಒಂದು ತಗಡಿನ ಶೆಡ್ಡಿತ್ತು. ವಯಸ್ಸಿನಲ್ಲಿ ತಾವೂ ಭಾರ ಎತ್ತುತ್ತಿದ್ದ ಗಂಗಾಧರಪ್ಪ, ಮೊಣಕಾಲು ಕೈಕೊಟ್ಟ ಮೇಲೆ ಅಲ್ಲಿ ಮಕ್ಕಳಿಗೆ ಕಲಿಸಲು ಕೂತರು. ಗೋಡೆಯ ಮೇಲೆ ಒಂದು ಕರಿಹಲಗೆ. ಸೋಮವಾರದಿಂದ ಶನಿವಾರದ ತನಕ ಯಾವ ದಿನ ಏನು ಎತ್ತಬೇಕು ಎಂದು ಅದರಲ್ಲಿ ಬರೆದಿತ್ತು. ಶೆಡ್ಡು ಶುರುವಾದಾಗ ಬರೆದದ್ದು ಇದೆಲ್ಲ ನಡೆದ ಎರಡು ಸಾವಿರದ ಎರಡನೇ ಇಸವಿಯಲ್ಲೂ ಹಾಗೇ ಇತ್ತು. ಸೀಮೆಸುಣ್ಣ ಮಾಸಿದಾಗ ಅದರ ಮೇಲೇ ತಿದ್ದುತ್ತಿದ್ದರು. ಓಟ, ಆಟ, ಕುಣಿತ ಯಾವುದೂ ಕೂಡದು. “ಕಬ್ಬಿಣ ಬಿಟ್ಟು ಬೇರೆ ಕಡೆ ಮನಸ್ಸು ಹೋದ್ರೆ ಕಬ್ಬಿಣಕ್ಕೆ ಗೊತ್ತಾಗತ್ತೆ,” ಅನ್ನುತ್ತಿದ್ದರು. ಕಬಡ್ಡಿ ಆಡಲು ಹೋದ ಹುಡುಗನೊಬ್ಬನನ್ನು ಒಂದು ತಿಂಗಳು ಒಳಗೆ ಬಿಟ್ಟುಕೊಂಡಿರಲಿಲ್ಲ.

ಇಷ್ಟು ಅನುಮಾನದ ಮನುಷ್ಯ ಒಮ್ಮೆ ಮಾತ್ರ ಅನುಮಾನಪಡಲಿಲ್ಲ. ವೀರೇಂದ್ರ ಎಂಬ ಹುಡುಗ ಎರಡೇ ತಿಂಗಳಲ್ಲಿ ಯಾರೂ ಎತ್ತದ್ದನ್ನು ಎತ್ತಿದಾಗ, ತಾವು ಕಲಿಸಿದ್ದು ಕೊನೆಗೂ ಫಲ ಕೊಟ್ಟಿತು ಅಂದುಕೊಂಡರು. ಬೀದಿಗೆಲ್ಲ ಮಂಡಕ್ಕಿ, ಮಿಠಾಯಿ ಹಂಚಿದರು. ಆಮೇಲೆ ರಾಜ್ಯ ಮಟ್ಟದ ಪಂದ್ಯದಲ್ಲಿ ಅವನ ಮೂತ್ರ ಪರೀಕ್ಷೆಯಾಯಿತು. ಯಾರಿಂದಲೋ ಮೈಬಲ ಹೆಚ್ಚಿಸುವ ಮದ್ದು ತರಿಸಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದದ್ದು ಗೊತ್ತಾಯಿತು. ಶೆಡ್ಡಿನ ಮಕ್ಕಳನ್ನು ಎರಡು ವರ್ಷ ಯಾವ ಪಂದ್ಯಕ್ಕೂ ಸೇರಿಸಲಿಲ್ಲ. ಆಮೇಲೆ ವೀರೇಂದ್ರನ ಮೈ ಊದಿತು, ಲಿವರು ಕೆಟ್ಟಿತು. ಈಗ ಅಣ್ಣನ ಸೈಕಲ್ ಅಂಗಡಿಯಲ್ಲಿ ಕೂತಿರುತ್ತಾನೆ. ಗಂಗಾಧರಪ್ಪನವರನ್ನು ಕಂಡರೆ ಇವತ್ತಿಗೂ ಗೋಡೆ ಹಿಡಿದು ಎದ್ದು ನಿಲ್ಲುತ್ತಾನೆ. ಅವನು ಎದ್ದು ನಿಲ್ಲುವುದನ್ನು ನೋಡಲಾರದೆ ಅವರು ಆ ಬೀದಿ ಬಿಟ್ಟು ಸುತ್ತು ಬಳಸಿ ಓಡಾಡುತ್ತಾರೆ.

ಹೀಗಾಗಿ, ಸ್ಪಂದನಾ ಎಪ್ಪತ್ತು ಎತ್ತಿದ ಆ ಸಂಜೆ ಅವರು ಸಿಹಿ ಹಂಚಲಿಲ್ಲ.

ಎರಡು ದಿನ ಬಿಟ್ಟು ಯಜ್ಞನಾರಾಯಣ ಮೇಷ್ಟ್ರು ಶಿವಮೊಗ್ಗದಿಂದ ಸ್ಕೂಟರಿನಲ್ಲಿ ಬಂದರು. ಅಲ್ಲಿನ ದುರ್ಗಿಗುಡಿಯ ಮನುಷ್ಯ, ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಜಿಲ್ಲೆಯಿಂದ ರಾಜ್ಯ ಮಟ್ಟಕ್ಕೆ ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸುವವರು ಅವರೇ.

“ಏನಯ್ಯಾ, ಹುಡುಗಿ ಎಪ್ಪತ್ತು ಎತ್ತಿದ್ಳಂತೆ? ಹೋದ ಸಲ ಬಂದಾಗ ಅರವತ್ತೈದಕ್ಕೇ ತಿಣುಕ್ತಿದ್ಳು.”

“ಎತ್ತಿದ್ಳು ಮೇಷ್ಟ್ರೇ.”

“ಹೆಂಗೆ?”

ಗಂಗಾಧರಪ್ಪ ಕೈಯಲ್ಲಿದ್ದ ಬಿಲ್ಲೆಯನ್ನು ಗೋಡೆಗೆ ಒರಗಿಸಿ ಇಟ್ಟರು.

“ನೋಡು, ನಿನ್ನ ಶೆಡ್ಡಿನ ಹೆಸರು ಕೇಳಿದ್ರೆ ಬೆಂಗಳೂರಲ್ಲಿ ಇನ್ನೂ ಮುಖ ಮುಖ ನೋಡ್ಕೋತಾರೆ. ಇನ್ನೊಂದು ವೀರೇಂದ್ರ ಆದ್ರೆ ನೀನು ಶೆಡ್ಡಿಗೆ ಬೀಗ ಹಾಕ್ಬೇಕು, ನಾನು ಮನೇಲಿ ಕೂತು ಕೊಬ್ಬರಿ ತುರೀಬೇಕು. ನೀನು ‘ಇವಳು ಸರಿ’ ಅಂದ್ರೆ ಹೆಸರು ಕಳಿಸ್ತೀನಿ. ‘ಅನುಮಾನ’ ಅಂದ್ರೆ ಬಿಡ್ತೀನಿ. ಭಾನುವಾರ ಸಂಜೆ ಬರ್ತೀನಿ. ನಿನ್ನ ಅನುಮಾನಕ್ಕಿಂತ ದೊಡ್ಡ ಪರೀಕ್ಷೆ ಈ ಜಿಲ್ಲೇಲಿ ಇಲ್ಲ.”

ತಮಾಷೆಗೇ ಹೇಳಿದ್ದು. ಆದರೆ ಸ್ಕೂಟರಿನ ಸದ್ದು ಮರೆಯಾದ ಮೇಲೂ ಆ ಮಾತು ಶೆಡ್ಡಿನಲ್ಲೇ ಉಳಿಯಿತು.

ಸ್ಪಂದನಾಳಿಗೆ ತಂದೆ ಇರಲಿಲ್ಲ. ತಾಯಿ ಅಂಗನವಾಡಿಯಲ್ಲಿ ಸಹಾಯಕಿ. ಹುಡುಗಿ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುತ್ತಿದ್ದಳು. ರಾಜ್ಯ ಮಟ್ಟದಲ್ಲಿ ಒಂದು ಪದಕ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು. ಬರದಿದ್ದರೆ ಮುಂದಿನ ವರ್ಷ ತಾಯಿಯ ತಮ್ಮನಿಗೇ ಕೊಟ್ಟು ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಇದನ್ನು ಅವಳು ಒಮ್ಮೆ, ಬೇರೆ ಯಾರದ್ದೋ ವಿಷಯ ಹೇಳುವಂತೆ, ಪಾದದ ಬೆರಳು ನೋಡಿಕೊಂಡು ಹೇಳಿದ್ದಳು. ಮರುದಿನದಿಂದ ಗಂಗಾಧರಪ್ಪ ಅವಳಿಗೆಂದು ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ತರತೊಡಗಿದರು. ಅವರ ಮನೆಯಲ್ಲಿ ಮೊಟ್ಟೆ ಮಾಡುವುದಿಲ್ಲ. ವಿಮಲಮ್ಮ ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಬೇಯಿಸಿ ಕೊಡುತ್ತಿದ್ದರು.

ಬುಧವಾರ ಸಂಜೆ ಗಂಗಾಧರಪ್ಪ ಬೇರೆ ಊರಿನಲ್ಲಿದ್ದ ತಮ್ಮ ಮಗಳಿಗೆ ಫೋನು ಮಾಡಲೆಂದು ಬಸ್ ಸ್ಟಾಪಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋದರು. ಗಾಜಿನ ಗೂಡಿನೊಳಗೆ ಯಾರೋ ಮಾತಾಡುತ್ತಿದ್ದರು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸ್ಪಂದನಾಳ ದನಿ.

“ಮೊದಲ್ನೇ ಕಾಟಾ ಸರಿ ಹೋಯ್ತು ಅಕ್ಕ. ಎರಡ್ನೇ ಕಾಟಾದಲ್ಲೇ ಸಿಕ್ಕಾಕೊಳ್ತೀನಿ ಅಂತ ಭಯ... ಹೂಂ, ನಾಳೆ ಕಾಲೇಜು ಬಿಟ್ಮೇಲೆ ಬರ್ತೀನಿ. ಸ್ಪೆಷಲ್ ಕ್ಲಾಸ್ ಅಂತ ಹೇಳಿದೀನಿ. ಇಲ್ಲ ಅಕ್ಕ, ಸಾರ್‌ಗೆ ಗೊತ್ತಿಲ್ಲ. ಗೊತ್ತಾದ್ರೆ ಮುಗೀತು.”

ಗಂಗಾಧರಪ್ಪ ಪಕ್ಕದ ಬೀಡಾ ಅಂಗಡಿಯ ಮರೆಗೆ ಸರಿದರು. ಮೊದಲನೇ ಕಾಟಾ. ಎರಡನೇ ಕಾಟಾ. ಈ ಮಾತುಗಳನ್ನು ಅವರು ತಮ್ಮ ಜೀವಮಾನವಿಡೀ ಕೇಳಿದ್ದರು. ಸೂಜಿಗೆ ಮೊದಲು ಒಂದು ತೂಕ, ಸೂಜಿಯ ನಂತರ ಒಂದು ತೂಕ. ಮೈಗೆ ಎಷ್ಟು ಏರಿತು ಎಂದು ಯಾರೋ ಲೆಕ್ಕ ಹಾಕುತ್ತಿದ್ದಾರೆ. ಕ್ಲೀನರು ಸೀಟಿನ ಹಿಂದೆ ಮಲಗಿದ್ದಾನೆ. ಇಷ್ಟು ದಿನ ಲಾರಿಗಳಲ್ಲಿ ಮಾಡಿದ್ದನ್ನು ಈಗ ಹೆಣ್ಣುಮಗುವಿನ ಮೈಯಲ್ಲಿ ಮಾಡುತ್ತಿದ್ದಾರೆ.

ಮಗಳಿಗೆ ಫೋನು ಮಾಡುವುದನ್ನು ಮರೆತು ಮನೆಗೆ ಬಂದರು.

“ಅವಳ ಬಾಯಿಂದಾನೇ ಕೇಳಿದೆ ವಿಮಲಾ. ಕಾಟಾ ಅಂದ್ಳು.”

“ಅಂದ್ರೆ ಏನಾಯ್ತು? ತೂಕ ನೋಡ್ಕೊಂಡಿರ್ಬೇಕು.”

“ಶೆಡ್ಡಲ್ಲೇ ತೂಕದ ಮಿಷನ್ ಇದೆ. ಶಿವಮೊಗ್ಗಕ್ಕೆ ಹೋಗಿ ಯಾಕೆ ನೋಡ್ಕೋಬೇಕು? ಅದೂ ನನಗೆ ಗೊತ್ತಾಗ್ದಂಗೆ?”

“ನಿಮಗೆ ಗೊತ್ತಾಗ್ದಂಗೆ ಈ ಬೀದೀಲಿ ಒಂದು ಬೆಕ್ಕು ಮರಿ ಹಾಕೋ ಹಂಗಿಲ್ಲ. ಪಾಪ, ಬೆಕ್ಕೂ ಶಿವಮೊಗ್ಗಕ್ಕೇ ಹೋಗತ್ತೆ.”

ಮರುದಿನ ಗುರುವಾರ. ಗಂಗಾಧರಪ್ಪ ಮಧ್ಯಾಹ್ನಕ್ಕೇ ರಜೆ ಹಾಕಿ ಶಿವಮೊಗ್ಗಕ್ಕೆ ಹೋಗಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತರು. ಕಾಲೇಜು ಬಿಟ್ಟಿತು. ಸ್ಪಂದನಾ ಮನೆಯ ಬಸ್ಸು ಹಿಡಿಯಲಿಲ್ಲ. ಸಿಟಿ ಬಸ್ಸು ಹತ್ತಿದಳು. ಅವರು ಹಿಂದಿನ ಬಾಗಿಲಿನಿಂದ ಹತ್ತಿದರು. ಆಲ್ಕೊಳ ಸರ್ಕಲ್ಲಿನಲ್ಲಿ ಅವಳು ಇಳಿದು, ಒಂದು ಅಡ್ಡರಸ್ತೆಗೆ ತಿರುಗಿ, ಸ್ಕೂಟರು ರಿಪೇರಿಯ ಗ್ಯಾರೇಜೊಂದರ ಪಕ್ಕದ ಮೆಟ್ಟಿಲು ಹತ್ತಿ ಮರೆಯಾದಳು. ಅವಳು ಸುತ್ತಮುತ್ತ ನೋಡಿಯೇ ಹತ್ತಿದ್ದು. ಅದೊಂದು ಅವರ ಎದೆಗೆ ಚುಚ್ಚಿತು.

ಗ್ಯಾರೇಜಿನಲ್ಲಿ ಗಂಗಾಧರಪ್ಪನವರದೇ ವಯಸ್ಸಿನ ಒಬ್ಬರು ಸ್ಪ್ಯಾನರು ಹಿಡಿದು ಕೂತಿದ್ದರು. ಬೋರ್ಡಿನ ಮೇಲೆ ಅಬ್ಬಾಸ್ ಅಲಿ ಎಂದು ಬರೆದಿತ್ತು.

“ಏನ್ ಬೇಕಿತ್ತು ಯಜಮಾನ್ರೇ? ಗಾಡಿ ಎಲ್ಲಿ?”

“ಗಾಡಿ ಇಲ್ಲ.”

“ಗಾಡಿ ಇಲ್ದೆ ಗ್ಯಾರೇಜಿಗೆ ಬಂದಿದೀರಿ.”

“ಇಲ್ಲಿ ಕಾಟಾ ಇದೆಯಂತಲ್ಲ.”

“ಇದೆ. ಮೇಲೆ ನಡೀತಾ ಇದೆ.”

ಇಷ್ಟು ಸುಲಭವಾಗಿ ಒಪ್ಪಿಕೊಂಡಾರು ಎಂದು ಗಂಗಾಧರಪ್ಪ ಅಂದುಕೊಂಡಿರಲಿಲ್ಲ. ಒಪ್ಪಿಕೊಂಡದ್ದರಿಂದಲೇ ಅನುಮಾನ ಹೆಚ್ಚಾಯಿತು.

“ಮಹಡಿ ಮೇಲೆ ಕಾಟಾನಾ? ನೆಲ ತಡೆಯತ್ತಾ?”

“ಹೆಣ್ಮಕ್ಕಳು ತಾನೆ. ಹತ್ತು ಹನ್ನೆರಡು ಜನ. ಯಾಕೆ ತಡೆಯಲ್ಲ?”

“ಎಲ್ಲರನ್ನೂ ಒಟ್ಟಿಗೇ ಹಾಕ್ತೀರಾ?”

“ಒಟ್ಟಿಗೇ. ಸಾಲಾಗಿ ನಿಲ್ಸಿ.”

“ಮತ್ತೆ ಎರಡ್ನೇ ಕಾಟಾ?”

“ಅದು ಬೆಲ್ಟ್ ಮೇಲೆ ಹೋಗತ್ತೆ.”

ಬೆಲ್ಟಿನ ಮೇಲೆ ಅದಿರು ಸಾಗುತ್ತಿರುವಾಗಲೇ ತೂಕ ಹಿಡಿಯುವ ಯಂತ್ರವನ್ನು ಗಂಗಾಧರಪ್ಪ ಕಾರ್ಖಾನೆಯಲ್ಲಿ ಕಂಡಿದ್ದರು. ಹನ್ನೆರಡು ಹೆಣ್ಣುಮಕ್ಕಳು ಸಾಲಾಗಿ ಬೆಲ್ಟಿನ ಮೇಲೆ ಸಾಗುವುದನ್ನು ಊಹಿಸಿಕೊಳ್ಳುತ್ತ ಅವರು ಮಹಡಿಯ ಕಡೆ ತಲೆಯೆತ್ತಿ ನೋಡಿದರು.

ಅಷ್ಟರಲ್ಲಿ ಅಬ್ಬಾಸ್ ಅಲಿ ಎದ್ದು ನಿಂತಿದ್ದರು. ಸ್ಪ್ಯಾನರು ಕೈಯಲ್ಲೇ ಇತ್ತು.

“ನಿಮ್ಮ ಮಗಳು ಇದಾಳಾ ಮೇಲೆ?”

“ಇಲ್ಲ.”

“ತಂಗಿ ಮಗಳು?”

“ಇಲ್ಲ.”

“ಹಂಗಾದ್ರೆ ಸರ್ಕಲ್ಲಿಂದ ಆ ಹುಡುಗಿ ಹಿಂದೆ ಯಾಕೆ ಬಂದ್ರಿ? ನಾನು ನೋಡ್ತಾನೇ ಇದೀನಿ. ಆ ಲೈಟು ಕಂಬದ ಹಿಂದೆ ಬಚ್ಚಿಟ್ಕೊಂಡಿದ್ರಿ. ಕಂಬ ನಿಮಗಿಂತ ಸಣ್ಣ ಇದೆ.”

“ನಾನವಳ ಮೇಷ್ಟ್ರು.”

“ಮೇಷ್ಟ್ರು ಕಂಬದ ಹಿಂದೆ ನಿಲ್ತಾರಾ?”

ಗಂಗಾಧರಪ್ಪನವರ ಜೀವನದಲ್ಲಿ ಮೊದಲ ಸಲ ಯಾರೋ ಅವರನ್ನೇ ಕಾಟಾದ ಮೇಲೆ ನಿಲ್ಲಿಸಿದ್ದರು. ಹಾಗೆ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆಗ ಮೇಲಿಂದ ಆ ಸದ್ದು ಬಂತು. ‘ಹೈಸ್.’ ಒಂದಲ್ಲ, ಹನ್ನೆರಡು ಒಟ್ಟಿಗೆ. ಅದರ ಜೊತೆಗೆ ಬರಿಯ ಪಾದಗಳು ನೆಲಕ್ಕೆ ಬಿದ್ದ ಸದ್ದು.

“ನಡೀರಿ, ತೋರಿಸ್ತೀನಿ,” ಎಂದು ಅಬ್ಬಾಸ್ ಅಲಿ ಅವರನ್ನು ಮುಂದೆ ಬಿಟ್ಟುಕೊಂಡು, ಸ್ಪ್ಯಾನರು ಹಿಡಿದೇ ಹಿಂದೆ ಬಂದರು.

ಮೇಲೆ ಉದ್ದನೆಯ ಒಂದು ಹಜಾರ. ಬಿಳಿ ಬಟ್ಟೆ ತೊಟ್ಟ ಹುಡುಗಿಯರು ಸಾಲಾಗಿ ನಿಂತು, ಕಾಣದ ಯಾರ ಜೊತೆಗೋ ಹೋರಾಡುತ್ತಿದ್ದರು. ಒಂದು ಹೆಜ್ಜೆ ಮುಂದೆ, ಒಂದು ತಡೆ, ಒಂದು ಗುದ್ದು, ತಿರುವು. ಎಲ್ಲರ ಮುಂದೆ ಕಪ್ಪು ಬೆಲ್ಟು ಬಿಗಿದು, ತಲೆಗೆ ಸ್ಕಾರ್ಫು ಕಟ್ಟಿದ ತರುಣಿ. ಅಬ್ಬಾಸ್ ಅಲಿಯವರ ಮಗಳು ನಗ್ಮಾ. ಎರಡನೇ ಸಾಲಿನಲ್ಲಿ ಸ್ಪಂದನಾ. ತಿರುವಿನಲ್ಲಿ ಅವಳ ಕಣ್ಣಿಗೆ ಗಂಗಾಧರಪ್ಪ ಬಿದ್ದರು. ಅವಳ ಹೆಜ್ಜೆ ತಪ್ಪಿತು.

“ಇವರು ನಿನ್ನ ಮೇಷ್ಟ್ರಾ?” ಅಬ್ಬಾಸ್ ಅಲಿ ಕೇಳಿದರು.

“ಹೌದು ಅಂಕಲ್,” ಅಂದಳು ಸ್ಪಂದನಾ.

“ಕಾಟಾ ಎಲ್ಲಿ?” ಅಂದರು ಗಂಗಾಧರಪ್ಪ.

“ಇದೇ ಅಂಕಲ್ ಕಾಟಾ,” ಅಂದಳು ನಗ್ಮಾ. “ಕರಾಟೆಯಲ್ಲಿ ಹೆಜ್ಜೆಗಳನ್ನ ಜೋಡಿಸಿ ಒಂದು ಪಾಠ ಮಾಡಿರ್ತಾರೆ. ಅದಕ್ಕೆ ಕಾಟಾ ಅಂತಾರೆ. ಒಂದೊಂದು ಬೆಲ್ಟಿಗೂ ಒಂದೊಂದು ಕಾಟಾ. ಇವಳು ಎರಡ್ನೇದು ಕಲೀತಾ ಇದಾಳೆ. ನೀವು ಏನು ಅಂದ್ಕೊಂಡ್ರಿ?”

ಗಂಗಾಧರಪ್ಪ ಅಲ್ಲಿಗೆ ಬಿಡಬಹುದಿತ್ತು. ಆದರೆ ಏನೂ ಸಿಗದ ಲಾರಿಯ ಮೇಲೇ ಅವರಿಗೆ ಯಾವಾಗಲೂ ಹೆಚ್ಚು ಅನುಮಾನ. ಗೋಡೆಯ ಗೂಡಿನಲ್ಲಿ ಕೆಂಪು ಪ್ಲಸ್ ಗುರುತಿನ ಡಬ್ಬಿ ಇತ್ತು.

“ಆ ಡಬ್ಬೀಲಿ ಏನಿದೆ?”

ನಗ್ಮಾ ಗಂಗಾಧರಪ್ಪನವರ ಮುಖವನ್ನೊಮ್ಮೆ ನೋಡಿದಳು. ಡಬ್ಬಿ ತಂದು ಅವರ ಮುಂದೆಯೇ ತೆರೆದಳು. ಹತ್ತಿ, ಬ್ಯಾಂಡೇಜು, ನೋವಿನ ಮುಲಾಮು, ಒಂದು ಮಾತ್ರೆಯ ಪಟ್ಟಿ.

“ಇದೇನು?”

“ಹೊಟ್ಟೆನೋವಿಗೆ. ತಿಂಗಳಿಗೊಂದು ಸಲ ಬರೋ ಹೊಟ್ಟೆನೋವಿಗೆ. ಇನ್ನೂ ಬಿಡಿಸಿ ಹೇಳ್ಲಾ ಅಂಕಲ್?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸ್ಪಂದನಾ ನಗಲಿಲ್ಲ. ಅವಳು ಮೂಲೆಗೆ ಹೋಗಿ ತನ್ನ ಚೀಲ ತಂದು ಗಂಗಾಧರಪ್ಪನವರ ಕಾಲ ಬಳಿ ಬೋರಲು ಹಾಕಿದಳು. ಎರಡು ಪುಸ್ತಕ, ಟಿಫಿನ್ ಡಬ್ಬಿ, ಒದ್ದೆ ಟವೆಲು, ಅರ್ಧ ತಿಂದ ಸೌತೆಕಾಯಿ. ಆಮೇಲೆ ಎರಡೂ ತೋಳು ಚಾಚಿದಳು. “ನೋಡಿ ಸಾರ್. ಗುದ್ದು ತಡೆದಾಗ ಆಗತ್ತೆ. ಇಲ್ಲಿ ಎಲ್ಲರ ಕೈಲೂ ಇದೆ.”

ಸಾಲಿನಲ್ಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ತೋಳು ಮೇಲಕ್ಕೆತ್ತಿ ತೋರಿಸಿದರು. ಅದೇ ನೀಲಿ.

“ವೀರೇಂದ್ರಣ್ಣನ ಥರ ಅಂದ್ಕೊಂಡ್ರಾ?”

ಗಂಗಾಧರಪ್ಪ ಕಾಲ ಬಳಿ ಉರುಳಿದ್ದ ಟಿಫಿನ್ ಡಬ್ಬಿಯನ್ನು ನೆಟ್ಟಗೆ ಮಾಡಿ ಇಟ್ಟರು.

“ಕೇಳಿದ್ರೆ ಹೇಳ್ತಿದ್ದೆ ಸಾರ್.”

“ಕೇಳಿದ್ನಲ್ಲಮ್ಮ. ಆ ಉಸಿರು ಎಲ್ಲಿ ಕಲ್ತೆ ಅಂತ.”

“ನೀವು ಕೇಳಿದ್ದು ಹಂಗಲ್ಲ. ಲಾರಿ ಡ್ರೈವರ್‌ನ ಕೇಳೋ ಥರ ಕೇಳಿದ್ರಿ.” ಅವಳು ಬಗ್ಗಿ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು. ಮುಖ ತಗ್ಗಿಸಿಯೇ ಮಾತಾಡಿದಳು. “ಹೋದ ವರ್ಷ ಬಾರ್ ಹೆಗಲ ಮೇಲಿಂದ ಜಾರಿ ಬಿತ್ತಲ್ಲ ಸಾರ್. ಆವತ್ತಿಂದ ಅದರ ಕೆಳಗೆ ಹೋಗಕ್ಕೆ ಭಯ. ಕೈಗೆ ಆಗತ್ತೆ, ಕಾಲು ಹೋಗಲ್ಲ. ನಿಮಗೆ ಹೇಳಿದ್ರೆ ಇನ್ನೂ ಹತ್ತು ಸಲ ಎತ್ತು ಅಂತಿದ್ರಿ. ಎತ್ತಿದಷ್ಟೂ ಭಯಾನೇ ಗಟ್ಟಿ ಆಗ್ತಿತ್ತು.”

ಇದು ನಿಜ. ಅವರು ಹಾಗೇ ಅನ್ನುತ್ತಿದ್ದರು.

ನಗ್ಮಾ ನಡುವೆ ಬಂದಳು. ದನಿ ಈಗ ಸ್ವಲ್ಪ ಮೆತ್ತಗಾಗಿತ್ತು. “ಇವಳು ಬಂದಾಗ ಮೈ ತುಂಬ ಶಕ್ತಿ ಇತ್ತು ಅಂಕಲ್. ಆದ್ರೆ ದಿನಾ ಅದೇ ಕಬ್ಬಿಣ, ಅದೇ ಹಲಗೆ. ಮೈ ಅದನ್ನ ಬಾಯಿಪಾಠ ಮಾಡ್ಬಿಟ್ಟಿತ್ತು. ಬಾಯಿಪಾಠ ಆದ್ಮೇಲೆ ಅರ್ಥ ಯಾರು ಕೇಳ್ತಾರೆ? ಇಲ್ಲಿ ಹಗ್ಗ ಹಾರಿಸ್ದೆ, ಮೆಟ್ಲು ಹತ್ತಿಸ್ದೆ, ಬಗ್ಗಿ ನಿಲ್ಲಿಸ್ದೆ, ಎದುರಿಗೆ ಗುದ್ದು ಬರೋವಾಗ ಮುಂದಕ್ಕೆ ಹೆಜ್ಜೆ ಇಡೋದು ಕಲಿಸ್ದೆ. ಗುದ್ದಿನ ಕೆಳಗೆ ನುಗ್ಗಕ್ಕೆ ಬಂತು ಅಂದ್ಮೇಲೆ ಕಬ್ಬಿಣದ ಕೆಳಗೂ ನುಗ್ಗಿದ್ಳು. ಉಸಿರೂ ಅದೇ. ಭಯ ಹೊರಗೆ ಹೋಗೋ ದಾರಿ ಅದು.”

“ಕರಾಟೆಯಿಂದ ಬೆರಳು ಮುರಿಯತ್ತೆ,” ಅಂದರು ಗಂಗಾಧರಪ್ಪ. ಬೇರೆ ಏನೂ ತೋಚಲಿಲ್ಲ.

“ನೀವು ಕುದುರೆ ಮೇಲೆ ಕೂತ ಹಾಗೆ ನಿಂತ್ಕೊಳ್ಳಿ ನೋಡೋಣ. ಬೆರಳು ಮುರಿಯಲ್ಲ.”

“ನನಗೆ ಮೊಣಕಾಲು ನೋವು.”

“ಅದಕ್ಕೇ ಹೇಳಿದ್ದು.”

ಅವರು ನಿಲ್ಲಲಿಲ್ಲ. ಮೆಟ್ಟಿಲಿಳಿದು ಹೊರಟರು. ಅಬ್ಬಾಸ್ ಅಲಿ ಗೇಟಿನ ತನಕ ಬಂದು, “ಟೀ ಕುಡ್ಕೊಂಡು ಹೋಗಿ ಮೇಷ್ಟ್ರೇ. ಮುಂದಿನ ಸಲ ಬಂದ್ರೆ ಬಾಗಿಲಿಂದ ಬನ್ನಿ,” ಅಂದರು.

ಭದ್ರಾವತಿಯ ಬಸ್ಸಿನಲ್ಲಿ ಸ್ಪಂದನಾ ಮುಂದೆ ಕೂತಿದ್ದಳು, ಅವರು ಹಿಂದೆ. ಜನ್ನಾಪುರದಲ್ಲಿ ಇಳಿದಾಗ ಅವಳು ತಿರುಗಿ ನೋಡದೆ ಹೋದಳು.

“ಸೂಜಿ ಸಿಕ್ತಾ?” ವಿಮಲಮ್ಮ ಕೇಳಿದರು.

“ಇಲ್ಲ.”

“ಬೇಜಾರಾಯ್ತಾ?”

ಈ ಮಾತನ್ನು ವಿಮಲಮ್ಮ ನಗಿಸಲೆಂದೇ ಆಡಿದ್ದು. ಗಂಡ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿರುವುದನ್ನು ನೋಡಿ ಮಜ್ಜಿಗೆ ಬಡಿಸಿದರು.

ಶುಕ್ರವಾರ ಸ್ಪಂದನಾ ಶೆಡ್ಡಿಗೆ ಬರಲಿಲ್ಲ. ಶನಿವಾರವೂ ಇಲ್ಲ. ಎರಡೂ ದಿನ ಗಂಗಾಧರಪ್ಪ ಮೊಟ್ಟೆಯ ಡಬ್ಬಿಯನ್ನು ಹಾಗೇ ವಾಪಸು ತಂದರು. ಭಾನುವಾರ ಯಜ್ಞನಾರಾಯಣ ಮೇಷ್ಟ್ರು ಬರುತ್ತಾರೆ. ಏನು ಹೇಳುವುದು? ಡಬ್ಬಿಯಲ್ಲಿ ಸೂಜಿ ಇರಲಿಲ್ಲ, ನಿಜ. ಆದರೆ ಇಲ್ಲದ್ದನ್ನು ಹೇಗೆ ನಂಬುವುದು? ವೀರೇಂದ್ರನ ಚೀಲದಲ್ಲೂ ಏನೂ ಇರುತ್ತಿರಲಿಲ್ಲವೇನೋ. ಆಗ ನೋಡಿರಲಿಲ್ಲ, ಈಗ ನೋಡಿದ್ದೇ ತಪ್ಪಾಯಿತು. ಮನಸ್ಸು ಕಾಟಾದ ಮುಳ್ಳಿನಂತೆ ಆ ಕಡೆ ಈ ಕಡೆ ಓಲಾಡುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ.

ಶನಿವಾರ ಸಂಜೆ ಹುಡುಗರು ಹೋದ ಮೇಲೆ ಗಂಗಾಧರಪ್ಪ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತರು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕುದುರೆಯ ಮೇಲೆ ಕೂತವರಂತೆ. ತೊಡೆ ತಕ್ಷಣವೇ ನಡುಗತೊಡಗಿತು. ಎಷ್ಟೋ ವರ್ಷಗಳಿಂದ ಮಲಗಿದ್ದ ಯಾವುದೋ ನರ ಯಾರು ಅದು ಎಂದು ಎದ್ದು ಕೇಳಿದಂತಿತ್ತು. ಉಸಿರು ಕಟ್ಟಿ ಹಿಡಿದರು. ನಡುಕ ಹೆಚ್ಚಾಯಿತು. ಯಾರೂ ಇಲ್ಲವೆಂದು ಬಾಗಿಲ ಕಡೆ ನೋಡಿ ಖಾತ್ರಿ ಮಾಡಿಕೊಂಡು, ಮೆಲ್ಲಗೆ ‘ಹೈಸ್’ ಅಂದರು. ತಗಡಿನ ಶೆಡ್ಡು ಆ ಸದ್ದನ್ನು ಹಾಗೇ ಅವರಿಗೆ ಹಿಂದಿರುಗಿಸಿತು. ಅದರಲ್ಲಿ ಹೇಳದೆ ಇಟ್ಟದ್ದು ಏನಾದರೂ ಇದೆಯೇ ಎಂದು ಅವರು ಅಭ್ಯಾಸಬಲದಿಂದ ಕಿವಿಗೊಟ್ಟರು. ಇತ್ತು. ಹುಡುಗಿಯ ಭಯಕ್ಕಿಂತ ದೊಡ್ಡ ಭಯ ಅಲ್ಲಿತ್ತು.

ಆಮೇಲೆ ಕರಿಹಲಗೆಯ ಹತ್ತಿರ ಹೋದರು. ಎಷ್ಟೋ ವರ್ಷದ ಸುಣ್ಣ ಹಲಗೆಯ ಒಳಗೇ ಇಳಿದಿತ್ತು. ಒದ್ದೆ ಬಟ್ಟೆಯಿಂದ ಗುರುವಾರದ ಸಾಲನ್ನು ತಿಕ್ಕಿ ತಿಕ್ಕಿ ಒರೆಸಿದರು. ಅಲ್ಲಿ ಹೊಸದಾಗಿ ಬರೆದರು: ಗುರುವಾರ – ಕಾಟಾ.

ಭಾನುವಾರ ಬೆಳಗ್ಗೆ ಶೆಡ್ಡು ಗುಡಿಸಲು ಬಂದು ಅದನ್ನು ಮೊದಲು ನೋಡಿದವನು ಮಧು. ನೂರು ಕಿಲೋ ಮೀರಿದ ಹುಡುಗ, ಬೋಂಡಾ ಅಂದರೆ ಪ್ರಾಣ. ಅವನು ಸ್ಪಂದನಾಳ ವಠಾರದವನೇ. ಹೋಗಿ ಬಾಗಿಲಲ್ಲೇ ನಿಂತು ಹೇಳಿದನಂತೆ, “ನಮ್ಮ ಕಥೆ ಮುಗೀತು ಮಾರಾಯ್ತಿ. ಸಾರ್ ಇನ್ಮೇಲೆ ಪ್ರತಿ ಗುರುವಾರ ಎಲ್ಲರ ತೂಕ ಹಾಕ್ತಾರೆ.”

“ಏನಂತ ಬರ್ದಿದಾರೆ?”

“ಕಾಟಾ ಅಂತ.”

“ಗುರುವಾರಾನೇ?”

“ಗುರುವಾರಾನೇ. ಬೋರ್ಡು ಒರೆಸಿ ಬರ್ದಿದಾರೆ.”

ಸ್ಪಂದನಾ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. “ಬೋರ್ಡು ಒರೆಸಿದ್ರಾ?” ಎಂದು ಇನ್ನೊಮ್ಮೆ ಕೇಳಿದಳು.

ಸಂಜೆ ಯಜ್ಞನಾರಾಯಣ ಮೇಷ್ಟ್ರು ಬಂದಾಗ ಗಂಗಾಧರಪ್ಪ ಶೆಡ್ಡಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಸ್ಪಂದನಾ ಬಂದು ಒಳಗೆ ಹೋಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಅವರ ಜೊತೆ ಮಾತಾಡಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಡಬ್ಬಿ ಮಾತ್ರ ಖಾಲಿಯಾಗಿತ್ತು.

ಮೇಷ್ಟ್ರು ಶೆಡ್ಡಿನೊಳಗೆ ಒಮ್ಮೆ ಇಣುಕಿ ವಾಪಸು ಬಂದರು.

“ಹೇಳಪ್ಪ. ಹೆಸರು ಕಳಿಸ್ಲೋ, ಬೇಡ್ವೋ?”

“ಕಳ್ಸಿ ಮೇಷ್ಟ್ರೇ.”

“ಹುಡುಗಿ ಸರಿ ತಾನೆ?”

“ಕಳ್ಸಿ ಅಂದ್ನಲ್ಲ.”

“ಅಲ್ಲಯ್ಯಾ, ನೀನು ಇಷ್ಟು ಬೇಗ ಒಪ್ಕೊಂಡೆ ಅಂದ್ರೆ ನನಗೇ ಅನುಮಾನ ಬರತ್ತೆ. ಅನುಮಾನ ಇಲ್ವಾ ನಿನಗೆ?”

ಗಂಗಾಧರಪ್ಪ ಹೊಂಗೆಯ ಎಲೆಯೊಂದನ್ನು ಕಿತ್ತು ಬೆರಳಿನಲ್ಲಿ ಮಡಚಿದರು. “ಇದೆ. ನನಗೆ ಅನುಮಾನ ಯಾವಾಗ್ಲೂ ಇರತ್ತೆ. ಅದು ನನ್ನದು ಮೇಷ್ಟ್ರೇ. ಅದರ ತೂಕ ಅವಳ ಮೇಲೆ ಹಾಕಕ್ಕಾಗಲ್ಲ. ಸ್ಪಂದನಾ ಅಂತ ಕಳ್ಸಿ. ನಾಳೆ ಏನೇ ಆದ್ರೂ ನನ್ನ ಹೆಸರು ಹೇಳಿ.”

“ಮತ್ತೆ ಬೋರ್ಡಲ್ಲಿ ಕಾಟಾ ಅಂತ ಬರ್ದಿದೀಯ? ನಂಬಿಕೆ ಇದ್ರೆ ವಾರವಾರ ತೂಕ ಯಾಕೆ? ಆ ದಪ್ಪ ಹುಡುಗ ಅಳೋ ಹಾಗಿದಾನೆ. ಏನೋ ಮುಚ್ಚಿಡ್ತಿದೀಯ ನೀನು. ಗುರುವಾರ ಆಲ್ಕೊಳದಲ್ಲಿ ನಿನ್ನನ್ನ ಕಂಡೆ ಅಂತ ಯಾರೋ ಅಂದ್ರು. ಅದೂ ಕಂಬದ ಹಿಂದೆ. ಅಲ್ಲಿಗೂ ಈ ಕಾಟಾಗೂ ಏನು ಸಂಬಂಧ? ಬಿಡಿಸಿ ಹೇಳು, ನನಗೆ ಈ ಹೆಸರು ಕಳಿಸೋಕೆ ಮುಂಚೆ...”

‘ಹೈಸ್.’

ಒಳಗಿಂದ ಬಂತು. ಗಂಗಾಧರಪ್ಪ ಕಿವಿಗೊಟ್ಟರು. ಎರಡು ಪಾದ ಹಲಗೆಗೆ ಬಿದ್ದವು. ಬಲಗಾಲು ಮೊದಲು. ಎಡಗಾಲು ಒಂದು ಕೂದಲೆಳೆಯಷ್ಟು ತಡವಾಗಿ.

“...ಯಾವ ಕಾಟಾ, ಏನ್ ಕಥೆ ಅಂತ ನಾಲ್ಕು ಮಾತು ಹೇಳಿದ್ರೆ ಸಾಕು. ನಾನೇನು ಹೊರಗಿನವನಾ? ಇಷ್ಟು ವರ್ಷದಿಂದ ನೋಡ್ತಿದೀನಿ ನಿನ್ನ... ಲೋ ಗಂಗಾಧರಪ್ಪ, ಮಾತಾಡ್ತಾ ಇದೀನಿ ಕಣಯ್ಯಾ...”

ಗಂಗಾಧರಪ್ಪ ಚಪ್ಪಲಿಯನ್ನು ಮರದ ಕೆಳಗೇ ಬಿಟ್ಟು, ಆ ಎಡಗಾಲನ್ನು ತಿದ್ದಲು ಶೆಡ್ಡಿನ ಕಡೆ ನಡೆದರು.